ಬೌಂಡರಿಯ ಆಚೆ ಇನ್ನೊಂದು ಹಗ್ಗ ಬೇಕು

ಮುಂಬೈಯಲ್ಲಿ ಅಂಡರ್-12, ಅಂಡರ್-14 ಕ್ರಿಕೆಟ್ ಟೂರ್ನಮೆಂಟ್ ನಡೆಸುವ ಎಲ್ಲ ಸಂಘಟಕರಿಗೆ, ಅದರಲ್ಲೂ ನಮ್ಮ ಕನ್ನಡ ಸಂಘಗಳ ಕ್ರೀಡಾ ಸಮಿತಿಯವರಿಗೆ,

ಮಾನ್ಯರೇ,

ಮಕ್ಕಳ ಪಂದ್ಯಕ್ಕೆ ಬರುವ ಅಪ್ಪ-ಅಮ್ಮಂದಿರಿಗೆ ಹಗ್ಗ ಕಟ್ಟಿ ಬೇರೆ ಜಾಗ ಮಾಡಿ ಎಂದು ಕೇಳಲು ಈ ಪತ್ರ. ನಾನು ಸ್ಕೋರರ್. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಸೀಸನ್ ಪೂರ್ತಿ ಮೈದಾನದಲ್ಲೇ ಇರುತ್ತೇನೆ. ಆಜಾದ್ ಮೈದಾನ, ಕ್ರಾಸ್ ಮೈದಾನ, ಶಿವಾಜಿ ಪಾರ್ಕ್, ಮಾಟುಂಗಾ, ಎಲ್ಲಿ ಕರೆದರೂ ಹೋಗುತ್ತೇನೆ. ಟೆಂಟಿನ ನೆರಳಲ್ಲಿ ಮೇಜು ಹಾಕಿಕೊಂಡು ಕೂರುವ ನಮ್ಮನ್ನು ಯಾರೂ ಗಮನಿಸುವುದಿಲ್ಲ. ಅದರಿಂದ ಸುತ್ತ ಆಡಿದ ಮಾತೆಲ್ಲ ಕಿವಿಗೆ ಬೀಳುತ್ತದೆ. ಈ ಊರಿನ ಅಪ್ಪ-ಅಮ್ಮಂದಿರು ಮಕ್ಕಳಿಗೆ ಶಭಾಷ್ ಹೇಳುವುದು ಇಂಗ್ಲಿಷಿನಲ್ಲಿ. ಅಂಪೈರ್ ಹತ್ತಿರ ಜಗಳ ಆಡುವುದು ಮರಾಠಿಯಲ್ಲಿ, ಇಲ್ಲವೇ ಹಿಂದಿಯಲ್ಲಿ. ಬೈಯುವಾಗ ಮಾತ್ರ ಮನೆಮಾತು ಬರುತ್ತದೆ. ನಮ್ಮವರು ಕನ್ನಡದಲ್ಲೋ ತುಳುವಿನಲ್ಲೋ ಬೈಯುತ್ತಾರೆ, ಇಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ. ನನಗೆ ಎರಡೂ ತಿಳಿಯುತ್ತವೆ.

“ನಿನ್ನ ಬ್ಯಾಟಿಗೆ ಕೊಟ್ಟ ದುಡ್ಡಲ್ಲಿ ಊರಲ್ಲಿ ಎರಡು ತಿಂಗಳು ಸಂಸಾರ ನಡೀತಿತ್ತು.” “ನಾಳೆಯಿಂದ ಬರಬೇಡ, ಕಿಟ್ ಮಾರಿಬಿಡ್ತೇನೆ.” “ಅವನನ್ನು ನೋಡು, ನಿನಗಿಂತ ಒಂದು ವರ್ಷ ಚಿಕ್ಕವ.” ಹನ್ನೊಂದು, ಹನ್ನೆರಡು ವರ್ಷದ ಹುಡುಗರಿಗೆ ಈ ಮಾತು. ಅದೂ ಔಟಾಗಿ ಬಂದು ಪ್ಯಾಡ್ ಬಿಚ್ಚುವ ಮೊದಲೇ. ಒಬ್ಬ ತಾಯಿಯಂತೂ ಊಟದ ಬ್ರೇಕ್ ಮುಗಿಯುವವರೆಗೆ ಮಗನ ಜೊತೆ ಒಂದು ಮಾತೂ ಆಡಲಿಲ್ಲ. ಡಬ್ಬಿ ಅವನ ಮುಂದೆ ಇಟ್ಟು ಮೊಬೈಲ್ ನೋಡುತ್ತ ಕೂತರು. ಹುಡುಗ ಚಿತ್ರಾನ್ನ ಮುಟ್ಟಲೇ ಇಲ್ಲ. ಬೈದಿದ್ದರೆ ತಿನ್ನುತ್ತಿದ್ದನೋ ಏನೋ.

ಹಾಗಂತ ಈ ಪತ್ರ ಅಪ್ಪ-ಅಮ್ಮಂದಿರನ್ನು ಬೈಯಲು ಬರೆದದ್ದಲ್ಲ. ಅವರ ಪಾಡು ನನಗೆ ಗೊತ್ತು. ಡೊಂಬಿವಲಿ, ವಿರಾರ್, ಮೀರಾ ರೋಡಿನಿಂದ ಕತ್ತಲಿರುವಾಗಲೇ ಲೋಕಲ್ ಹಿಡಿಯುತ್ತಾರೆ. ಕಿಟ್ ಬ್ಯಾಗ್ ಇರುವುದರಿಂದ ಲಗೇಜ್ ಡಬ್ಬಿಯಲ್ಲಿ ಬುಟ್ಟಿ, ಗೋಣಿಗಳ ನಡುವೆ ನಿಂತು ಬರುತ್ತಾರೆ. ಒಬ್ಬರು ಹೋಟೆಲಿನ ಗಲ್ಲಾ ತಮ್ಮನಿಗೆ ಒಪ್ಪಿಸಿ ಬಂದಿರುತ್ತಾರೆ. ಇನ್ನೊಬ್ಬರ ರಜೆ ಮುಗಿದು ಸಂಬಳ ಕಟ್ಟಾಗುತ್ತಿರುತ್ತದೆ. ಒಳ್ಳೆಯ ಇಂಗ್ಲಿಷ್ ವಿಲ್ಲೋ ಬ್ಯಾಟ್ ಬೇಕೆಂದರೆ 15-20 ಸಾವಿರ ಸಾಲುವುದಿಲ್ಲ. ಅದರ ಮೇಲೆ ಅಕಾಡೆಮಿ ಫೀಸು, ಪ್ರತ್ಯೇಕ ನೆಟ್ಸಿಗೆ ಪ್ರತ್ಯೇಕ ಫೀಸು. ಹೊಟ್ಟೆಬಟ್ಟೆ ಕಟ್ಟಿ ಆಡಿಸುತ್ತಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ.

ನನ್ನ ತಕರಾರು ಇರುವುದು ನಿಮ್ಮ ಮೇಲೆ, ಸಂಘಟಕರೇ. ಬೌಂಡರಿ ಹೊರಗೆ ನಿಂತ ಮನುಷ್ಯನನ್ನು ಲೆಕ್ಕ ಪರಿಶೋಧಕನನ್ನಾಗಿ ಮಾಡಿದ್ದು ನೀವು.

ಹೇಗೆ ಅಂತೀರಾ? ಒಂದು ಘಟನೆ ಹೇಳುತ್ತೇನೆ, ಟೂರ್ನಮೆಂಟಿನ ಹೆಸರು ಬೇಡ. ಒಬ್ಬ ತಂದೆ ಮೇಜಿನ ಹತ್ತಿರ ಬಂದರು. “ಸರ್, ನೀವು ನಮ್ಮವರೇ ಅಲ್ವಾ? ಯಾವ ಊರು?” ಕುಂದಾಪುರ ಕಡೆ ಅಂದೆ. ತಕ್ಷಣ ಒಂದು ವಡಾಪಾವ್, ಒಂದು ಕಟಿಂಗ್ ಚಹಾ ಬಂತು. ಎರಡು ಮೂರು ಓವರ್ ಕಳೆದ ಮೇಲೆ ವಿಷಯವೂ ಬಂತು. “ಆಗಿನ ನಾಲ್ಕು ಲೆಗ್ ಬೈ ಕೊಟ್ಟರಲ್ಲ, ಅದು ಬ್ಯಾಟಿಗೆ ತಾಗಿತ್ತು ಸರ್. ಮಗ 46ಕ್ಕೆ ಔಟ್. ನಾಲ್ಕು ಸೇರಿಸಿದರೆ 50 ಆಗ್ತದೆ.” ಲೆಗ್ ಬೈ ಅಂದರೆ ಬಾಲು ಬ್ಯಾಟಿಗಲ್ಲ, ಮೈಗೆ ತಾಗಿ ಬಂದ ರನ್. ಅದು ತಂಡಕ್ಕೆ ಸೇರುತ್ತದೆ, ಬ್ಯಾಟ್ಸ್‌ಮನ್ ಲೆಕ್ಕಕ್ಕೆ ಸೇರುವುದಿಲ್ಲ. ಅಂಪೈರ್ ಮೊಣಕಾಲು ಎತ್ತಿ ಮುಟ್ಟಿ ತೋರಿಸಿದ್ದಾರೆ, ನಾನು ಕೈ ಎತ್ತಿ ಒಪ್ಪಿದ್ದೇನೆ, ಪಕ್ಕದ ಸ್ಕೋರರ್ ಪುಸ್ತಕದಲ್ಲೂ ಹಾಗೇ ಇದೆ. ಅಲ್ಲಿಗೆ ಮುಗಿಯಿತು, ಬದಲಾಯಿಸಲು ಆಗುವುದಿಲ್ಲ ಅಂದೆ. ಅವರು ಮುಖ ಗಂಟಿಕ್ಕಿಕೊಂಡು ಹೋದರು. ಮಗ ಅಲ್ಲೇ ನಿಂತಿದ್ದ, ಗ್ಲೌಸ್ ಕೈಯಲ್ಲಿ ಹಿಡಿದುಕೊಂಡು. ಆ ಬಾಲು ತನ್ನ ಪ್ಯಾಡಿಗೆ ತಾಗಿದ್ದು ಅವನಿಗೆ ಗೊತ್ತಿಲ್ಲವೇ?

46ಕ್ಕೂ 50ಕ್ಕೂ ಆಟದಲ್ಲಿ ಏನೂ ವ್ಯತ್ಯಾಸ ಇಲ್ಲ. ನಿಮ್ಮ ಪಟ್ಟಿಯಲ್ಲಿ ಇದೆ. ಹನ್ನೆರಡು ತುಂಬದ ಮಕ್ಕಳ ಅರ್ಧಶತಕ, ಶತಕಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸುತ್ತೀರಿ. ಬಾಲ್ ಬಾಲಿನ ವಿವರ ಮೊಬೈಲ್ ಆ್ಯಪಿನಲ್ಲಿ ಲೈವ್ ಬಿಡುತ್ತೀರಿ. ಹೆಚ್ಚು ರನ್ ಹೊಡೆದವನಿಗೆ ಆಳೆತ್ತರದ ಟ್ರೋಫಿ ಕೊಡುತ್ತೀರಿ. ಆಯ್ಕೆಗೆ ಕರೆಯುವಾಗ ಒಟ್ಟು ರನ್ ಎಷ್ಟು ಎಂದು ಮೊದಲು ಕೇಳುತ್ತೀರಿ. ಡೊಂಬಿವಲಿಯಲ್ಲಿ ಕೂತ ಅಜ್ಜಿ ಕೂಡ ಆ್ಯಪ್ ತೆರೆದು, “ಇವತ್ತು ಏಳಕ್ಕೇ ಹೋದನಂತಲ್ಲ” ಎಂದು ಫೋನ್ ಮಾಡುತ್ತಾಳೆ. ಹುಡುಗ ಇನ್ನೂ ಟೆಂಟಿಗೆ ವಾಪಸು ಬಂದಿರುವುದಿಲ್ಲ.

ಇದರ ಮೇಲೆ ಐಪಿಎಲ್ ಗಾಳಿ ಬೇರೆ. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ಹರಾಜು ನಡೆದಾಗ ರಾಜಸ್ಥಾನ್ ರಾಯಲ್ಸ್ 13 ವರ್ಷದ ವೈಭವ್ ಸೂರ್ಯವಂಶಿಯನ್ನು 1.10 ಕೋಟಿಗೆ ಕೊಂಡಿತು. ಮರು ವರ್ಷ ಏಪ್ರಿಲ್‌ನಲ್ಲಿ ಅವನು 35 ಬಾಲಿಗೆ ಸೆಂಚುರಿ ಹೊಡೆದ. ಆಟ ನೋಡಿ ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಅವತ್ತಿನಿಂದ ಟೆಂಟಿನ ಮಾತು ಬೇರೆಯಾಯಿತು. ಮೊದಲು “ಹದಿನಾರರೊಳಗೆ ಏನಾದರೂ ಆಗಬೇಕು” ಅನ್ನುತ್ತಿದ್ದರು. ಈಗ ಹದಿಮೂರು ದಾಟಿದರೆ ತಡವಾಯಿತು ಎಂಬ ಹಾಗೆ ಮಾತಾಡುತ್ತಾರೆ. ಬೆಳೆಯುವ ಪೈರು ಮೊಳಕೆಯಲ್ಲಿ ಎಂಬ ಗಾದೆಯನ್ನು ಎಷ್ಟು ಸಲ ಕೇಳಿದ್ದೇನೋ. ಹೆಣ್ಣುಮಕ್ಕಳ ಪಂದ್ಯಗಳು ಸ್ವಲ್ಪ ಶಾಂತವಾಗಿದ್ದವು. 2023ರಲ್ಲಿ ಮಹಿಳೆಯರ ಲೀಗ್ ಹರಾಜಿನಲ್ಲಿ ಸ್ಮೃತಿ ಮಂಧಾನಾಗೆ 3.4 ಕೋಟಿ ಬಂದ ಮೇಲೆ ಅಲ್ಲೂ ಅಪ್ಪಂದಿರ ಗುಂಪು ದೊಡ್ಡದಾಗಿದೆ.

ಕೂತು ಲೆಕ್ಕ ಹಾಕುವ ಅಭ್ಯಾಸ ನನ್ನದು. ಮುಂಬೈಯ ಶಾಲಾ ಟೂರ್ನಮೆಂಟುಗಳಾದ ಗೈಲ್ಸ್ ಶೀಲ್ಡ್, ಹ್ಯಾರಿಸ್ ಶೀಲ್ಡ್ ಆಡುವ ಶಾಲೆಗಳನ್ನು ಎಣಿಸಿ, ಒಂದೊಂದಕ್ಕೆ ಹನ್ನೊಂದು ಹುಡುಗರನ್ನು ಹಿಡಿಯಿರಿ. ರಾಷ್ಟ್ರಮಟ್ಟದ ವಿಜಯ್ ಮರ್ಚೆಂಟ್ ಟ್ರೋಫಿಗೆ ಹೋಗುವ ಮುಂಬೈ ಅಂಡರ್-16 ತಂಡದಲ್ಲಿ ಸುಮಾರು 15 ಜನರಿಗೆ ಜಾಗ. ಉಳಿದವರು ಸೋತವರಾ? ಅವರ ಸಲುವಾಗಿಯೂ ತಾನೇ ನೀವು ಟೂರ್ನಮೆಂಟ್ ಮಾಡುವುದು?

ಹುಡುಗರ ಕಣ್ಣಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಬ್ಯಾಟ್ಸ್‌ಮನ್ ಬಾಲು ಹೊಡೆದ ಮೇಲೆ ಎದುರು ತುದಿಯ ಜೊತೆಗಾರನನ್ನು ನೋಡಬೇಕು, ಇಲ್ಲವೇ ಬಾಲು ಎಲ್ಲಿ ಹೋಯಿತು ಅಂತ ನೋಡಬೇಕು. ಈಗಿನ ಹುಡುಗರು ಮೊದಲು ಮರದ ಕಡೆ ನೋಡುತ್ತಾರೆ. ಮರದ ಕೆಳಗೆ ಅಪ್ಪ ನಿಂತಿರುತ್ತಾನೆ. ಅಪ್ಪ ಕೈ ಬೀಸಿದರೆ ಓಡು ಎಂದರ್ಥ. ಅಂಗೈ ತೋರಿಸಿದರೆ ನಿಲ್ಲು. ಎರಡೂ ಕೈ ತಲೆಯ ಮೇಲೆ ಹೋದರೆ ಆ ಶಾಟ್ ಆಡಬಾರದಿತ್ತು. ಇಷ್ಟರಲ್ಲಿ ಜೊತೆಗಾರ ಅರ್ಧ ಪಿಚ್ ಓಡಿ ಬಂದಿರುತ್ತಾನೆ. ಈ ಕಾರಣಕ್ಕೆ ಆದ ರನೌಟ್‌ಗಳನ್ನು ಬರೆಯಲು ಪುಸ್ತಕದಲ್ಲಿ ಪ್ರತ್ಯೇಕ ಕಾಲಮ್ ಇಲ್ಲ, ಇದ್ದಿದ್ದರೆ ಬೇಗ ತುಂಬುತ್ತಿತ್ತು. ಕೋಚ್ ಪಾಪ, ಟೆಂಟಿನಲ್ಲಿ ಕೂತು ಒಂದು ಹೇಳುತ್ತಾನೆ. ಅಪ್ಪ ಮರದ ಕೆಳಗಿಂದ ಇನ್ನೊಂದು ಹೇಳುತ್ತಾನೆ. ಹುಡುಗ ಯಾರ ಮಾತು ಕೇಳಬೇಕು? ಮನೆಗೆ ಹೋಗುವುದು ಅಪ್ಪನ ಜೊತೆ. ಅಪ್ಪನ ಮಾತೇ ಕೇಳುತ್ತಾನೆ.

ಬೌಲ್ ಮಾಡುವ ಹುಡುಗರದ್ದು ಇನ್ನೂ ಕಷ್ಟ. ವೈಡ್ ಹೋದ ಮೇಲೆ ಮುಂದಿನ ಬಾಲು ಹಾಕುವ ಮೊದಲು ಒಮ್ಮೆ ಹೊರಗೆ ನೋಡುತ್ತಾರೆ. ಅಲ್ಲಿ ಕಂಡದ್ದು ಇಷ್ಟವಾಗಲಿಲ್ಲವೆಂದರೆ ಇನ್ನೊಂದು ವೈಡ್. ಆರು ಬಾಲಿನ ಓವರ್ ಹನ್ನೊಂದಕ್ಕೆ ಹೋಗುತ್ತದೆ. ನಾನು ಬರೆಯುತ್ತಾ ಹೋಗುತ್ತೇನೆ.

2016ರ ಜನವರಿಯಲ್ಲಿ ಮುಂಬೈ ಹತ್ತಿರದ ಕಲ್ಯಾಣ್‌ನಲ್ಲಿ ಪ್ರಣವ್ ಧನವಡೆ ಎಂಬ 15 ವರ್ಷದ ಹುಡುಗ ಶಾಲಾ ಪಂದ್ಯದಲ್ಲಿ ಔಟಾಗದೆ 1009 ರನ್ ಹೊಡೆದದ್ದು ಎಲ್ಲರಿಗೂ ನೆನಪಿರಬಹುದು. 327 ಬಾಲು, 129 ಫೋರ್, 59 ಸಿಕ್ಸ್. 1899ರಲ್ಲಿ ಇಂಗ್ಲೆಂಡಿನ ಎ.ಇ.ಜೆ. ಕಾಲಿನ್ಸ್ ಹೊಡೆದ 628ರ ದಾಖಲೆ ಮುರಿಯಿತು. ಅವನ ತಂಡ 3 ವಿಕೆಟಿಗೆ 1465 ಹೊಡೆದು ಡಿಕ್ಲೇರ್ ಮಾಡಿತು. ಎದುರಿನ ತಂಡ ಒಂದು ಇನಿಂಗ್ಸಿನಲ್ಲಿ 31ಕ್ಕೆ, ಇನ್ನೊಂದರಲ್ಲಿ 52ಕ್ಕೆ ಆಲೌಟ್. ಟಿವಿಯವರು ಆಟೊ ಓಡಿಸುವ ತಂದೆಯ ಮನೆಗೆ ಹೋದರು, ಸಂತೋಷದ ವಿಷಯವೇ. ಆದರೆ ಸ್ಕೋರರ್ ಆದ ನನ್ನ ಕಣ್ಣು ಬೌಲಿಂಗ್ ಕಾಲಮಿಗೆ ಹೋಗುತ್ತದೆ. ಆ 129 ಫೋರ್ ತರಲು ಓಡಿದ ಮಕ್ಕಳು ಯಾರು? ಅವರ ಮನೆಗೆ ಯಾರು ಹೋದರು? ಆ ಹೊತ್ತಿಗೆ ಒಬ್ಬ ದೊಡ್ಡವನಾದರೂ “ಸಾಕು, ಇನ್ನು ಬೇರೆ ಹುಡುಗರು ಆಡಲಿ” ಎಂದಿದ್ದರೆ ಏನು ಕಳೆದುಹೋಗುತ್ತಿತ್ತು? ಮುಂಬೈ ಕ್ರಿಕೆಟ್ ಸಂಸ್ಥೆ ಪ್ರಣವ್‌ಗೆ ತಿಂಗಳಿಗೆ 10,000 ರೂಪಾಯಿಯ ವಿದ್ಯಾರ್ಥಿವೇತನ ಕೊಟ್ಟಿತು. 2017ರಲ್ಲಿ, ಮಗನ ಆಟ ಮೊದಲಿನಂತಿಲ್ಲ, ಇನ್ನು ಅದು ಬೇಡ ಎಂದು ತಂದೆಯೇ ಪತ್ರ ಬರೆದರು. ಆ ತಂದೆಯ ಮೇಲೆ ನನಗೆ ಗೌರವ ಇದೆ. ಹದಿನೈದು ವರ್ಷದ ಹುಡುಗನ ತಲೆಯ ಮೇಲೆ ನಾಲ್ಕಂಕಿಯ ಸಂಖ್ಯೆ ಕೂರಿಸಿದ್ದು ಆ ತಂದೆಯಲ್ಲ. ಚಪ್ಪಾಳೆ ತಟ್ಟಿದ ನಾವೆಲ್ಲರೂ ಸೇರಿ ಕೂರಿಸಿದೆವು.

ಇನ್ನು ವಯಸ್ಸಿನ ವಿಷಯ. ಇದನ್ನು ಕನ್ನಡದಲ್ಲೇ ಮಾತಾಡಿಕೊಳ್ಳುವುದು ಒಳ್ಳೆಯದು. “ಊರಲ್ಲಿ ಪರಿಚಯದವರು ಇದ್ದಾರೆ, ಇನ್ನೊಂದು ಜನನ ಪ್ರಮಾಣಪತ್ರ ಮಾಡಿಸಬಹುದು” ಎಂಬ ಮಾತು ನನ್ನ ಮೇಜಿನ ಹಿಂದೆಯೇ ಕೇಳಿಬಂದಿದೆ. ಬಿಸಿಸಿಐ 2012ರಿಂದ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತದೆ. 2020ರಲ್ಲಿ, ತಾವಾಗಿ ಒಪ್ಪಿಕೊಂಡರೆ ಕ್ಷಮೆ, ಸಿಕ್ಕಿಬಿದ್ದರೆ ಎರಡು ವರ್ಷ ನಿಷೇಧ ಎಂದೂ ಹೇಳಿತು. ಆದರೂ ಆಸೆ ಹೋಗುವುದಿಲ್ಲ. ನಮ್ಮ ರಾಹುಲ್ ದ್ರಾವಿಡ್ 2015ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಕೊಟ್ಟಾಗ ಇದನ್ನೇ ಎತ್ತಿದ್ದರು. ಹತ್ತು-ಹದಿನಾಲ್ಕು ವರ್ಷದ ಮಗು ತನ್ನ ಅಪ್ಪ-ಅಮ್ಮ, ತನ್ನ ಕೋಚ್ ಸುಳ್ಳು ದಾಖಲೆ ಮಾಡಿಸುವುದನ್ನು ನೋಡಿದರೆ ಏನು ಕಲಿಯುತ್ತದೆ ಎಂದು ಕೇಳಿದ್ದರು. ನಮ್ಮ ಮನೆಗಳಲ್ಲಿ ದ್ರಾವಿಡ್ ಫೋಟೊ ಇದೆ, ಆ ಮಾತು ಮಾತ್ರ ಒಳಗೆ ಹೋಗಿಲ್ಲ.

ಅದರಲ್ಲಿ ಒಂದು ನಿಜವಾದ ಸಂಕಟವೂ ಇದೆ. ಬಿಸಿಸಿಐ ವಯಸ್ಸು ಎಣಿಸುವುದು ಸೆಪ್ಟೆಂಬರ್ 1ರ ಲೆಕ್ಕದಲ್ಲಿ. ಆಗಸ್ಟ್ ಕೊನೆಗೆ ಹುಟ್ಟಿದ ಹುಡುಗ ತನಗಿಂತ ಹನ್ನೊಂದು ತಿಂಗಳು ದೊಡ್ಡವರ ಜೊತೆ ಆಡಬೇಕು. ಹನ್ನೆರಡರ ವಯಸ್ಸಿನಲ್ಲಿ ಹನ್ನೊಂದು ತಿಂಗಳೆಂದರೆ ಗೇಣುದ್ದ ಎತ್ತರದ ವ್ಯತ್ಯಾಸ ಬರಬಹುದು. ಆ ಹುಡುಗನ ಕೈಯಲ್ಲಿ ಬಾಲು ಬೌಂಡರಿ ಮುಟ್ಟುವುದಿಲ್ಲ, ಪಟ್ಟಿಯಲ್ಲಿ ಹೆಸರು ಬರುವುದಿಲ್ಲ. ಅಪ್ಪನಿಗೆ ಮಗ ಹಿಂದೆ ಬಿದ್ದ ಅನ್ನಿಸುತ್ತದೆ. ಪ್ರಮಾಣಪತ್ರದ ಯೋಚನೆ ಶುರುವಾಗುವುದು ಅಲ್ಲಿಂದ. ರನ್ ಪಟ್ಟಿಯ ಬದಲು ಇನ್ನೇನನ್ನಾದರೂ ನೋಡುವ ಆಯ್ಕೆದಾರ ಇದ್ದರೆ ಆ ಹುಡುಗನಿಗೂ ಒಂದು ದಾರಿ ಇರುತ್ತಿತ್ತು.

ಮೈ ನೋವಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ನಾನು ಡಾಕ್ಟರ್ ಅಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ 2016ರಲ್ಲಿ ಸಲಹೆ ಕೊಟ್ಟಿತ್ತು: 15-16 ವರ್ಷದವರೆಗೆ ಒಂದೇ ಆಟಕ್ಕೆ ಮಕ್ಕಳನ್ನು ಕಟ್ಟಿಹಾಕಬೇಡಿ, ವಾರಕ್ಕೆ ಒಂದೆರಡು ದಿನ ಆ ಆಟದಿಂದ ಬಿಡುವು ಕೊಡಿ, ವರ್ಷದಲ್ಲಿ ಒಟ್ಟು ಮೂರು ತಿಂಗಳು ಬಿಡಿ. ಮುಂಬೈಗೆ ಆ ಮೂರು ತಿಂಗಳನ್ನು ದೇವರೇ ಕೊಟ್ಟಿದ್ದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ದೊಡ್ಡವರು ಕೆಸರಿನಲ್ಲಿ ಕಾಂಗಾ ಲೀಗ್ ಆಡುತ್ತಿದ್ದರು. ಚಿಕ್ಕವರು ಫುಟ್ಬಾಲ್ ಒದೆಯುತ್ತಿದ್ದರು, ಇಲ್ಲವೇ ಅಜ್ಜಿಮನೆಗೆ ಹೋಗುತ್ತಿದ್ದರು. ಈಗ ತಗಡಿನ ಶೆಡ್ಡಿನೊಳಗೆ ಟರ್ಫ್ ಹಾಸಿ ಹನ್ನೆರಡು ತಿಂಗಳೂ ನೆಟ್ಸ್. ಮಳೆಗಾಲದಲ್ಲಿ ಬಿಟ್ಟರೆ ಬೇರೆಯವನ ಮಗ ಮುಂದೆ ಹೋಗಿಬಿಡುತ್ತಾನಲ್ಲ ಎಂಬ ಹೆದರಿಕೆ. ಹೀಗಾಗಿ ಹದಿಮೂರರ ಬೌಲರ್ ಬೆನ್ನಿಗೆ ಪಟ್ಟಿ ಸುತ್ತಿಕೊಂಡು ಬರುತ್ತಾನೆ.

ಇದಕ್ಕೆ ಏನು ಮಾಡಬೇಕು? ಮಾಡಿದವರು ಇದ್ದಾರೆ. ನಾರ್ವೆ ದೇಶದಲ್ಲಿ ಮಕ್ಕಳ ಕ್ರೀಡೆಗೆಂದೇ ನಿಯಮಗಳಿವೆ. ಹನ್ನೊಂದರ ವಯಸ್ಸಿಗಿಂತ ಮೊದಲು ಫಲಿತಾಂಶದ ಪಟ್ಟಿ, ರ‍್ಯಾಂಕಿಂಗ್ ಪ್ರಕಟಿಸುವಂತಿಲ್ಲ. ಹದಿಮೂರಕ್ಕಿಂತ ಮೊದಲು ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಆ ದೇಶದ ಜನಸಂಖ್ಯೆ ಸುಮಾರು 55 ಲಕ್ಷ, ನಮ್ಮ ಮುಂಬೈಯ ಅರ್ಧವೂ ಇಲ್ಲ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದು ಮೊದಲ ಸ್ಥಾನಕ್ಕೆ ಬಂತು. ಅಲ್ಲಿ ಹಿಮ ಇದೆ, ಗೆಲ್ಲುತ್ತಾರೆ ಅನ್ನಬಹುದು. ಹಾಗಾದರೆ 400 ಮೀಟರ್ ಹರ್ಡಲ್ಸ್‌ನಲ್ಲಿ ವಿಶ್ವದಾಖಲೆ ಮಾಡಿದ ವಾರ್ಹೋಮ್, ಫುಟ್ಬಾಲಿನ ಹಾಲಂಡ್ ಯಾವ ಹಿಮದಲ್ಲಿ ಬೆಳೆದರು? ಪಟ್ಟಿ ಅಂಟಿಸದೆ ಇದ್ದರೆ ಪ್ರತಿಭೆ ಸಾಯುವುದಿಲ್ಲ ಎನ್ನಲು ಇಷ್ಟು ಸಾಕು. ಇನ್ನೊಂದು ನೆನಪಾಯಿತು: ನಮ್ಮಲ್ಲೇ ಮಕ್ಕಳ ಚೆಸ್ ಟೂರ್ನಮೆಂಟುಗಳಲ್ಲಿ ಆಟ ಶುರುವಾದ ಮೇಲೆ ಅಪ್ಪ-ಅಮ್ಮಂದಿರನ್ನು ಹಾಲಿನಿಂದ ಹೊರಗೆ ಕಳಿಸುತ್ತಾರೆ. ಯಾರೂ ಅವಮಾನ ಅಂದುಕೊಳ್ಳುವುದಿಲ್ಲ. ಹೊರಗೆ ಕಾರಿಡಾರಿನಲ್ಲಿ ಕೂತು ಹರಟೆ ಹೊಡೆಯುತ್ತಾರೆ.

ಕ್ರಿಕೆಟಿನಲ್ಲೂ ಅದೇ ಮಾಡಿ ಎಂಬುದು ನನ್ನ ಬೇಡಿಕೆ. ಸ್ಕೋರರ್ ಮೇಜು, ಆಟಗಾರರ ಟೆಂಟ್ ಒಂದು ಕಡೆ ಇದ್ದರೆ ಅಪ್ಪ-ಅಮ್ಮಂದಿರಿಗೆ ಎದುರು ಕಡೆ ಹಗ್ಗ ಕಟ್ಟಿ, ಕುರ್ಚಿ ಹಾಕಿ, ನೀರು ಇಡಿ. ಸೈಟ್‌ಸ್ಕ್ರೀನ್ (ಬೌಲರ್ ಹಿಂದಿನ ದೊಡ್ಡ ಪರದೆ) ಹತ್ತಿರ ಯಾರೂ ಬೇಡ. ಆಜಾದ್ ಮೈದಾನದಲ್ಲಿ ಇದು ಸುಲಭವಲ್ಲ, ಒಪ್ಪುತ್ತೇನೆ. ಅಲ್ಲಿ 22 ಪಿಚ್, ಒಂದು ಪಂದ್ಯದ ಕವರ್ ಫೀಲ್ಡರ್ ಇನ್ನೊಂದು ಪಂದ್ಯದ ಸ್ಲಿಪ್ ಪಕ್ಕ ನಿಂತಿರುತ್ತಾನೆ. ಅಲ್ಲಿ ಕ್ಲಬ್ ಟೆಂಟುಗಳ ಹಿಂದೆ ಜಾಗ ಮಾಡಬಹುದು. ಹಗ್ಗ ದಾಟಿ ಬಂದವರ ಮಗನನ್ನು ಶಿಕ್ಷಿಸಬೇಡಿ. ಆಟ ನಿಲ್ಲಿಸಿ, ಅವರು ವಾಪಸು ಹೋಗುವವರೆಗೆ ಕಾಯಿರಿ. ಎಲ್ಲರೂ ನೋಡುತ್ತಿರುವಾಗ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಅಂಡರ್-12ಕ್ಕೆ ಲೈವ್ ಆ್ಯಪ್ ಬೇಡವೇ ಬೇಡ. ಪುಸ್ತಕ ನಾವು ಬರೆಯುತ್ತೇವೆ, ಕೋಚ್ ಕೇಳಿದರೆ ತೋರಿಸುತ್ತೇವೆ. ಮೂವತ್ತು ರನ್ ಆದವನು ನಿವೃತ್ತನಾಗಿ ಇನ್ನೊಬ್ಬನಿಗೆ ಬ್ಯಾಟಿಂಗ್ ಬಿಡಲಿ, ಕೊನೆಗೆ ವಿಕೆಟ್ ಉಳಿದರೆ ಮತ್ತೆ ಬರಲಿ. ಹನ್ನೊಂದು ಜನರಲ್ಲಿ ಆರು ಜನರಾದರೂ ಬೌಲ್ ಮಾಡಲೇಬೇಕು ಎನ್ನಿ. ಈಗ ಎಷ್ಟೋ ಹುಡುಗರು ದಿನವಿಡೀ ಫೀಲ್ಡಿಂಗ್ ಮಾತ್ರ ಮಾಡಿ ಮನೆಗೆ ಹೋಗುತ್ತಾರೆ. ಅವರ ಹೆಸರಿನ ಮುಂದೆ ನಾನು ಬರೆಯುವುದು “ಬ್ಯಾಟ್ ಮಾಡಲಿಲ್ಲ” ಅಷ್ಟೇ. ಅವರ ಅಪ್ಪಂದಿರೂ ಅದೇ ಐದರ ಲೋಕಲ್ ಹಿಡಿದು ಬಂದವರು.

ಈಗ ನಮ್ಮ ಸಂಘಗಳಿಗೆ. ನೀವು ವರ್ಷಕ್ಕೊಮ್ಮೆ ಮಾಡುವ ಕ್ರೀಡಾಕೂಟವನ್ನು ಬಾಕ್ಸ್ ಕ್ರಿಕೆಟ್, ಓಟ, ಹಗ್ಗಜಗ್ಗಾಟ ಎಲ್ಲ ಸೇರಿಸಿ ಚೆಂದ ಮಾಡುತ್ತೀರಿ. ಮಧ್ಯಾಹ್ನದ ಊಟಕ್ಕಂತೂ ನಾನು ತಪ್ಪಿಸುವುದಿಲ್ಲ. ಆದರೆ ಹೋದ ಸಲ ನಿಂಬೆ-ಚಮಚದ ಓಟದಲ್ಲಿ ಐದು ವರ್ಷದ ಮಗುವಿನ ನಿಂಬೆಹಣ್ಣಿಗೆ ಗಮ್ ಹಚ್ಚಿದ್ದಾರೆ ಎಂದು ಇಬ್ಬರು ದೊಡ್ಡವರು ಕೈಕೈ ಮಿಲಾಯಿಸುವ ಹಂತಕ್ಕೆ ಹೋಗಿದ್ದರು. ಪರೀಕ್ಷಿಸಿ ನೋಡಿದರೆ ಗಮ್ ಇತ್ತು! ಬಹುಮಾನ ಒಂದು ಸ್ಟೀಲ್ ಲೋಟ. ನಗು ಬರುತ್ತದೆ, ಆದರೆ ಆ ಮಗು ಎರಡು-ಮೂರು ವರ್ಷದಲ್ಲಿ ಕಿಟ್ ಬ್ಯಾಗ್ ಹೊತ್ತು ಮೈದಾನಕ್ಕೆ ಬರುತ್ತದೆ. ದೊಡ್ಡ ಸಂಸ್ಥೆಗಳು ನಿಯಮ ಬದಲಾಯಿಸಲು ಸಮಿತಿ, ಉಪಸಮಿತಿ ಎಂದು ಕಾಲ ಕಳೆಯುತ್ತವೆ. ನೀವು ಮುಂದಿನ ಭಾನುವಾರದ ಮೀಟಿಂಗಿನಲ್ಲೇ ಮಾಡಬಹುದು. ಹತ್ತು ವರ್ಷದೊಳಗಿನ ಮಕ್ಕಳ ಎಲ್ಲ ಓಟಕ್ಕೂ ಒಂದೇ ಬಹುಮಾನ, ಓಡಿದವರಿಗೆಲ್ಲ. ಮೊದಲು, ಎರಡನೆಯದು ಬೇಡ. ಅಪ್ಪ-ಅಮ್ಮಂದಿರಿಗೆ ಬೇಕಾದರೆ ಪ್ರತ್ಯೇಕ ಓಟ ಇಡಿ, ಅವರೇ ಓಡಲಿ, ಗೆದ್ದವರಿಗೆ ದೊಡ್ಡ ಟ್ರೋಫಿ ಕೊಡಿ.

ಶಾಲಾ ಕ್ರಿಕೆಟ್ ಸೀಸನ್ ದೀಪಾವಳಿ ಕಳೆದ ಮೇಲೆ ಜೋರಾಗುತ್ತದೆ. ಅಷ್ಟರೊಳಗೆ ಯಾವುದಾದರೂ ಒಂದು ಟೂರ್ನಮೆಂಟಿನವರು ಈ ಹಗ್ಗದ ಪ್ರಯೋಗ ಮಾಡಲು ಒಪ್ಪಿದರೆ ನಾನು ಸ್ಕೋರಿಂಗ್ ಫೀಸು ತೆಗೆದುಕೊಳ್ಳುವುದಿಲ್ಲ. ಹಗ್ಗ ಮಸ್ಜಿದ್ ಬಂದರಿನಿಂದ ನಾನೇ ತರುತ್ತೇನೆ. ಕುರ್ಚಿ ಮಾತ್ರ ನೀವು ಹಾಕಿಸಿ.

ಇಂತಿ,
ಡೊಂಬಿವಲಿಯ ಒಬ್ಬ ಸ್ಕೋರರ್